ಡಬ್ಬಿ ಮೂಸುವ ಅಣ್ಣ

ನನ್ನ ಅಣ್ಣನ ಪ್ರಾಣವೆಲ್ಲ ಮಹಡಿಯ ಕೋಣೆಯ ನಲವತ್ತೊಂದು ತಗಡಿನ ಡಬ್ಬಿಗಳಲ್ಲಿತ್ತು. ಮಾತಿಲ್ಲದ ಕಾಲದ ನಗೆ ಸಿನಿಮಾಗಳು: ಮುಖಕ್ಕೆ ಸುಣ್ಣ ಬಳಿಸಿಕೊಳ್ಳುವವರು, ಏಣಿಯಿಂದ ಬೀಳುವವರು. ಏಣಿಯವನ ಸಿನಿಮಾದ ಪ್ರತಿ ಜಗತ್ತಿನಲ್ಲೇ ಇದೊಂದೇ ಉಳಿದಿರೋದು ಅಂತ ಅಣ್ಣ ಎದೆಯುಬ್ಬಿಸಿ ಹೇಳುತ್ತಿದ್ದ. ಇರಬಹುದು, ನನಗೇನು? ಆದರೆ ಮಾತು, ನಡಿಗೆ ಎರಡೂ ನಿಂತುಹೋದ ಅಮ್ಮ ನಗುತ್ತಿದ್ದದ್ದು ಅದೊಂದಕ್ಕೇ. ತೆರೆಯ ಮೇಲೆ ಏಣಿಯವನು ಬಿದ್ದಾಗ ಅಣ್ಣ ದೊಪ್ಪನೆ ನೆಲಕ್ಕೆ ಕಾಲು ಕುಟ್ಟುತ್ತಿದ್ದ. ಆ ಸದ್ದಿಗೆ ಅಮ್ಮ ಮಗುವಿನಂತೆ ನಗುತ್ತಿದ್ದಳು. ಅದಕ್ಕೇ ಅವಳ ಮಂಚವೂ ಮಹಡಿಯ ಮೇಲೇ, ಪಕ್ಕದ ಕೋಣೆಯಲ್ಲಿ.

ಆ ಕಾಲದ ಫಿಲ್ಮು ಹಳಸಿದರೆ ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಅದಕ್ಕೆ ಮುಂಚೆ ನಾರುತ್ತದೆ. ಹಾಗಾಗಿ ಅಣ್ಣ ಪ್ರತಿ ಭಾನುವಾರ ಬೆಳಿಗ್ಗೆ ಒಂದೊಂದೇ ಡಬ್ಬಿ ಮೂಸಿ, ಸರಿಯಿದೆ ಅನ್ನುವುದಕ್ಕೆ ಮುಚ್ಚಳದ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಅದಕ್ಕೆಂದೇ ಒಂದು ಮಿಷನ್ ಸಿಗುತ್ತದಂತೆ ಅಂತ ನಾನಂದರೆ, "ನನ್ನ ಮೂಗಿಗಿಂತಾನಾ?" ಅನ್ನುತ್ತಿದ್ದ.

ಮೂರು ತಿಂಗಳ ಮೇಲೆ ನಾನು ಊರಿಗೆ ಬಂದದ್ದೂ ಒಂದು ಭಾನುವಾರವೇ. ಸುಡುಬಿಸಿಲಿನ ಮಧ್ಯಾಹ್ನ. ಮೆಟ್ಟಿಲ ಬುಡದಲ್ಲೇ ಒಗೆಯದ ಕಾಲುಚೀಲ ರಾಶಿ ಹಾಕಿದಂಥ ನಾತ.

ಅಡುಗೆಮನೆಗೆ ಹೋಗಿ, "ಅಣ್ಣಾ, ಮೇಲೆ ಏನೋ ನಾರ್ತಿದೆ" ಅಂದೆ.

"ಬೆಳಿಗ್ಗೆ ತಾನೇ ಮೂಸಿದೀನಿ ಕಣೇ. ಬಂದ ತಕ್ಷಣ ಶುರು ಮಾಡಿದ್ಯಾ ನಿನ್ನ ಕೊಂಕು?"

ನನಗೆ ರೇಗಿತು. ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ತಳ ಹಿಡಿದು ಸೀಯತೊಡಗಿತು. ಒಲೆಗೆ ಬೆನ್ನು ಹಾಕಿ ನಿಂತ ಅಣ್ಣ ಆರಾಮಾಗಿ ಲೋಟ ಒರೆಸುತ್ತಲೇ ಇದ್ದ.

ನಾನೇ ಒಲೆ ಆರಿಸಿದೆ. "ಯಾವಾಗಿಂದ ನಿಂಗೆ ವಾಸನೆ ಗೊತ್ತಾಗ್ತಿಲ್ಲ?"

ಅವನು ತಲೆ ತಗ್ಗಿಸಿದ. "ಹೋದ ತಿಂಗಳು ಜ್ವರ ಬಂದಿತ್ತಲ್ಲ, ಆವಾಗಿಂದ. ಹೇಳಿದ್ರೆ ನೀನು ಡಬ್ಬಿ ಎಲ್ಲಾ ಸಾಗಹಾಕ್ತೀಯ. ಅಮ್ಮ ಮತ್ತೆ ನಗಲ್ಲ."

ಮಹಡಿಗೆ ಓಡಿದೆ. ಏಣಿಯವನ ಡಬ್ಬಿ ಮುಟ್ಟಿದರೆ ಕೈ ಚುರುಗುಟ್ಟಿತು. ಮುಚ್ಚಳದ ಮೇಲೆ ಬೆಳಗಿನ ಗೆರೆ ಬೆಳ್ಳಗೆ ಹಾಗೇ ಇತ್ತು.

ಇಬ್ಬರೂ ಸೇರಿ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ರಸ್ತೆಯಾಚೆಯ ಮರದ ಕೆಳಗೆ ಇಳಿಸಿದೆವು. ಅವಳ ಸೆರಗು ಸರಿಮಾಡಿ ತಿರುಗಿದರೆ ಪಕ್ಕದಲ್ಲಿ ಅಣ್ಣ ಇಲ್ಲ. ಮಹಡಿಯ ಕಿಟಕಿಯಿಂದ ಹಳದಿ ಹೊಗೆ ಬರುತ್ತಿತ್ತು.

"ಅಣ್ಣಾ, ಬಾರೋ! ಹಾಳಾಗಿ ಹೋಗ್ಲಿ ಆ ಡಬ್ಬಿ!" ಅಂತ ಕಿರುಚಿದೆ.

ಒಳಗೆ, ಮೆಟ್ಟಿಲ ಮೇಲೆ, ದೊಪ್ಪನೆ ಬಿದ್ದ ಸದ್ದು.

ಅಮ್ಮ ನಕ್ಕಳು.