ಪ್ರಕೃತಿ ಹೆಂಗೈತಿ

ಹಸಿ ಎರೆಮಣ್ಣಿನ ವಾಸನೆ, ಹುಣಸೆ ಮರದ ಕೆಳಗೆ ಮಕ್ಕಳು ಅಮಾವಾಸ್ಯೆಗೆಂದು ಮಣ್ಣೆತ್ತು ಮಾಡುತ್ತಿದ್ದಾರೆ, ದಾಕ್ಷಾಯಿಣಿಯ ಮೂಗು ಅರಳಿತು, ಕಣ್ಣು ಮಾತ್ರ ಕಾರಿನತ್ತ ಓಡಿತು — ಒಳಗೆ ಕಸ್ತೂರಿ, ಏಳು ವರ್ಷದ ಮಗಳು, ದಮ್ಮಿನ ಕೂಸು, ಅವ್ವಾ ನಾ ಇಳೀಲೇನು, ಬ್ಯಾಡವಾ ಥಂಡಿ ಹತ್ತತೈತಿ, ಗ್ಲಾಸ್ ಏರಿಸ್ಕೋ. ಮಕ್ಕಳು ಬಯಲಲ್ಲಿ ಎಷ್ಟು ಆಡುತ್ತಾರೆ ಎಂದು ಸಂಶೋಧನೆ ಮಾಡಲು ಗೋಕಾಕದ ಕಾಲೇಜಿನಿಂದ ಹುಕ್ಕೇರಿ ಕಡೆಯ ಹಳ್ಳಿಗೆ ಬಂದವಳು ತನ್ನ ಮಗಳನ್ನೇ ಕೂಡಿಹಾಕಿದ್ದಾಳೆ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಅಂಬಲಿಯಲ್ಲಿ ಬಿತ್ತಂತೆ, ಸಾಕು, ಕೆಲಸ ನೋಡು — ಎದುರಿಗೆ ಕುರಿ ಸಾಕುವ ಮನೆಯ ಹುಡುಗಿ ಲಕ್ಕವ್ವ, ಮೊಣಕೈತನಕ ಕೆಸರು, ಸಂಶೋಧನೆಯ ಮೊದಲ ಪ್ರಶ್ನೆ, ಪ್ರಕೃತಿ ಜೋಡಿ ನಿನ್ನ ಸಂಬಂಧ ಹೆಂಗೈತಿ, ಹುಡುಗಿ ನಾಚುತ್ತಾಳೆ, ಪ್ರಕೃತಿ ಚಲೋ ಐತ್ರಿ ಅಕ್ಕೋರ, ಮೊನ್ನಿ ಒಂಚೂರು ನೆಗಡಿ ಆಗಿತ್ರಿ ಅಷ್ಟ, ನಿಮ್ಮ ಕೂಸಿಂದ ಹೆಂಗೈತ್ರಿ. ಅಯ್ಯೋ, ಈ ಕಡೆ ಮೈಯ ಸೌಖ್ಯಕ್ಕೇ ಪ್ರಕೃತಿ ಅನ್ನುವುದು, ಇಲ್ಲೇ ಹುಟ್ಟಿ ಬೆಳೆದವಳು ಪುಸ್ತಕ ಓದಿ ಮರೆತಳಲ್ಲ, ಮೂಡಲಗಿಯಿಂದ ಅತ್ತೆ ಫಕೀರವ್ವ ದಿನಾ ಫೋನಿನಲ್ಲಿ ಕೇಳುವುದೂ ಅದೇ, ಕೂಸಿನ ಪ್ರಕೃತಿ ಹೆಂಗೈತಿ, ಒಮ್ಮಿ ಹೊಲಕ್ಕ ಬಿಡವಾ, ಹಿಡದ ಹಿಡದ ಬಾಡಸಬ್ಯಾಡ — ಡಾಕ್ಟರೂ ಅಂದಿದ್ದರು, ಉಸುರಿನ ಪಂಪ್ ಜೊತೀಗಿರ್ಲಿ, ಆಡ್ಲಿ ಬಿಡ್ರಿ — ಅವರಿಗೇನು ಗೊತ್ತು, ದೀಪಾವಳಿಯಲ್ಲಿ ನೀಲಿಗಟ್ಟಿದ ಆ ತುಟಿ, ಎದೆಯೊಳಗಿನ ಸಿಳ್ಳು, ಮಗಳನ್ನು ಎತ್ತಿಕೊಂಡು ದವಾಖಾನೆಯ ಮೆಟ್ಟಿಲು ಹತ್ತಿದವಳು ಇವಳು. ಹೆದರಿಕೆ, ಬರೀ ಹೆದರಿಕೆ, ಅದಕ್ಕೆ ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದಾಳೆ.

ಕಾರಿನ ಬಾಗಿಲು ತೆಗೆದದ್ದು ಯಾವಾಗ, ಇಳಿ ಎಂದದ್ದು ತಾನೇನಾ, ಮಗಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿದಳು, ಲಕ್ಕವ್ವ ಸರಿದು ಜಾಗ ಕೊಟ್ಟಳು, ಬಾ ಇಲ್ಲಿ ಕುಂದ್ರು, ನೀರ ಭಾಳ ಹಾಕಬ್ಯಾಡ, ಎತ್ತು ಕುಸೀತೈತಿ — ದಾಕ್ಷಾಯಿಣಿ ಪಂಪನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಾಳೆ, ಕಿವಿಯೆಲ್ಲ ಮಗಳ ಎದೆಯ ಮೇಲೆ, ಸಿಳ್ಳು ಬಂತೇ, ಇಲ್ಲ, ಅದು ನಗು, ಈಗ ಬಂತೇ, ಇಲ್ಲ, ಅದೂ ನಗುವೇ, ಎಷ್ಟು ದಿನವಾಗಿತ್ತು ಈ ನಗು ಕೇಳಿ. ಮಗಳು ಎದ್ದು ಬರುತ್ತಿದ್ದಾಳೆ, ಫ್ರಾಕೆಲ್ಲ ಕೆಸರು, ಅಂಗೈ ಮೇಲೆ ಸೊಟ್ಟ ಎತ್ತು, ಕೊಂಬು ಇನ್ನೂ ಇಟ್ಟಿಲ್ಲ, ಕಣ್ಣು ಇಟ್ಟಿಲ್ಲ, ಮೊದಲು ಮೂಗಿಗೇ ಕಡ್ಡಿ ಚುಚ್ಚಿದ್ದಾಳೆ, ನೋಡವ್ವಾ, ದೊಡ್ಡ ತೂತ ಮಾಡೇನಿ, ಇದಕ್ಕ ಉಸುರು ಸಲೀಸ ಬರ್ಲಿ ಅಂತ — ಆ ಎರಡು ತೂತು, ಕಡ್ಡಿ ತಿರುವಿ ತಿರುವಿ ಅಗಲ ಮಾಡಿದ್ದು, ಎರಡು ತೂತು —