ಕಿವಿ ಹಿಡಿದು ಎತ್ತಬಾರದು

ನಾನು ಒಂದು ಕಪ್ಪು ಮೊಲ. ಹೆಣ್ಣು. ಹುಬ್ಬಳ್ಳಿಯ ಸಂಗನಬಸು ಕೊಪ್ಪದ ಎಂಬವನ ಮನೆಯ ತಾರಸಿಯಲ್ಲಿ, ತಂತಿ ಗೂಡಿನೊಳಗಿನ ಮರದ ಪೆಟ್ಟಿಗೆಯಲ್ಲಿ ಹುಟ್ಟಿದೆ. ಹುಟ್ಟುವಾಗ ನಮಗೆ ಮೈಮೇಲೆ ಕೂದಲಿರುವುದಿಲ್ಲ, ಕಣ್ಣೂ ತೆರೆದಿರುವುದಿಲ್ಲ. ಅದಕ್ಕೇ ಹೆರುವ ಮುಂಚೆ ತಾಯಿ ಮೊಲ ತನ್ನ ಎದೆಯ ಕೂದಲನ್ನು ತಾನೇ ಕಿತ್ತು ಮರಿಗಳಿಗೆ ಹಾಸಿಗೆ ಮಾಡುತ್ತದೆ. ಅವ್ವನೂ ಹಾಗೇ ಮಾಡಿದ್ದಳು. ಆ ಹಾಸಿಗೆಯಲ್ಲಿ ನಾವು ಆರು ಮರಿಗಳು ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬೆಚ್ಚಗಿದ್ದೆವು.

ಸಂಗನಬಸು ಮೊಲ ಸಾಕುವವರ ಸಂಘದ ಕಾರ್ಯದರ್ಶಿ. ಸಂಘದವರು ಊರಿನ ಕಲ್ಯಾಣ ಮಂಟಪದಲ್ಲಿ ಆಗಾಗ ಮೊಲಗಳ ಪ್ರದರ್ಶನ ನಡೆಸುತ್ತಿದ್ದರು. ಶುರುವಿಗೆ ಇವನೇ ಮೈಕು ಹಿಡಿದು ನಿಯಮ ಓದುತ್ತಿದ್ದ: ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಗಬ್ಬದ ಮೊಲವನ್ನು ತರಬಾರದು. ತೀರ್ಪುಗಾರರ ಜೊತೆ ವಾದ ಮಾಡಬಾರದು. ದನಿಯಲ್ಲಿ ಜೇನು ಸುರಿಯುತ್ತಿತ್ತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅಂತಾರಲ್ಲ, ಆ ಪೈಕಿ. ತಾರಸಿಗೆ ಬಂದರೆ ಅವನು ನಮ್ಮನ್ನು ಎತ್ತುತ್ತಿದ್ದದ್ದು ಕಿವಿ ಹಿಡಿದೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹಟಮಾರಿ. ಆ ಗಾದೆ ಕಟ್ಟಿದವರು ಮೊಲವನ್ನೂ ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು.

ನನ್ನ ಅಣ್ಣನಿಗೆ ಹಲ್ಲು ಸೊಟ್ಟ ಇತ್ತು. ಸೊಟ್ಟ ಹಲ್ಲಿನ ಮೊಲ ಪ್ರದರ್ಶನಕ್ಕೆ ನಡೆಯುವುದಿಲ್ಲ. ಸಂಗನಬಸು ಅವನ ಬಾಯಿ ಬಿಡಿಸಿ ನೋಡಿದ, ಹಿಂಗಾಲು ಹಿಡಿದು ತಲೆಕೆಳಗಾಗಿ ಎತ್ತಿದ, ತಾರಸಿಯ ಗೋಡೆಗೆ ಬೀಸಿ ಹೊಡೆದ. ಒಂದು ಸಲಕ್ಕೆ ಸಾಯಲಿಲ್ಲ. ಮತ್ತೊಮ್ಮೆ ಹೊಡೆದ. ಮಾಂಸ ತಿನ್ನುವವನಾಗಿದ್ದರೆ ಅದಕ್ಕೊಂದು ಕಾರಣವಾದರೂ ಇರುತ್ತಿತ್ತು. ಕೊಂದು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡ. ಗೋಡೆಯ ಮೇಲಿನ ಕಲೆಯನ್ನು ಒರೆಸಿದವಳು ಅವನ ಹೆಂಡತಿ ಅನಸೂಯಾ.

ಅನಸೂಯಾ ನಮಗೆ ಕುದುರೆ ಮಸಾಲೆ ಸೊಪ್ಪು ತಂದು ಹಾಕುತ್ತಿದ್ದಳು. ಸೊಪ್ಪು ಒಳಗೆ ತೂರಿಸುವಾಗ ಅವಳ ಮುಂಗೈ ನನ್ನ ಕಣ್ಣೆದುರೇ ಬರುತ್ತಿತ್ತು. ಕೆಲವು ದಿನ ಅಲ್ಲಿ ಬೆರಳಿನ ಗುರುತು ನೀಲಿಗಟ್ಟಿರುತ್ತಿತ್ತು. ಅವನ ಕೈ ಬರೀ ಮೊಲಗಳಿಗೆ ಮೀಸಲಲ್ಲ ಅಂತ ನನಗೆ ತಿಳಿದದ್ದು ಹಾಗೆ.

ನಾನು ದುಂಡಗೆ ಬೆಳೆದೆ. ಮೈ ಕಾಡಿಗೆಯ ಹಾಗೆ ಕಪ್ಪು. ಆದರೆ ಎದೆಯ ಮೇಲೆ ಒಂದು ಚಿಟಿಕೆ ಬಿಳಿ ಕೂದಲು ಮೂಡಿತು. ಕಪ್ಪು ಮೊಲದ ಮೇಲೆ ಬಿಳಿ ಮಚ್ಚೆ ಕಂಡರೆ ತೀರ್ಪುಗಾರರು ಪಕ್ಕಕ್ಕೆ ಸರಿಸುತ್ತಾರೆ. ಪಕ್ಕಕ್ಕೆ ಸರಿದ ಮೊಲಕ್ಕೆ ಮುಂದೆ ಆ ಗೋಡೆಯೇ ಗತಿ.

ಪ್ರದರ್ಶನದ ಹಿಂದಿನ ದಿನ ಅವನು ಅನಸೂಯಾಳ ಕೈಲಿ ಚಿಮಟ ತರಿಸಿಕೊಂಡು, ನನ್ನನ್ನು ಅಂಗಾತ ಮಲಗಿಸಿದ.

"ಬ್ಯಾಡ್ರೀ, ಅದು ನಡಗಾಕತ್ತೈತಿ," ಅಂದಳು ಅವಳು.

"ನಡಗಲಿ. ಬಿಳಿ ಉಳದ್ರ ನಾಳೆ ನನ್ನ ಮರ್ಯಾದಿ ಹೊಕ್ಕೈತಿ. ಆಮ್ಯಾಲೆ ಇದರ ಗತಿ ಏನಂತ ನಿನಗ ಗೊತ್ತೈತಿ. ಗಟ್ಟಿ ಹಿಡಿ."

ಅವಳು ಹಿಡಿದಳು. ಅವನು ಕಿತ್ತ. ಅಲ್ಲಲ್ಲಿ ಕೂದಲಿನ ಜೊತೆ ಚರ್ಮವೂ ಬಂತು. ನಾನು ಒದ್ದಾಡಿದಾಗೆಲ್ಲ ಮೂಗಿನ ಮೇಲೆ ಗುದ್ದು ಬಿತ್ತು.

ಮರುದಿನ ಮಂಟಪ ತುಂಬಾ ಜನ. ತೀರ್ಪುಗಾರರಾಗಿ ಧಾರವಾಡದಿಂದ ದನದ ಡಾಕ್ಟರು ಕಸ್ತೂರಿ ಹಂಚಿನಾಳ ಬಂದಿದ್ದರು. ಸಂಗನಬಸು ನಿಯಮ ಓದಿದ, ಚಪ್ಪಾಳೆ ಬಿತ್ತು. ನನ್ನ ಸರದಿ ಬಂದಾಗ ಡಾಕ್ಟರು ಹಲ್ಲು ನೋಡಿದರು, ಉಗುರು ನೋಡಿದರು, ಮೆಲ್ಲಗೆ ಹೊರಳಿಸಿ ಎದೆ ನೋಡಿದರು.

"ಇಲ್ಲಿ ಕೂದ್ಲ ಎಲ್ಲಿ ಹೋದೂವು?"

"ಗಬ್ಬ ಐತ್ರೀ ಮೇಡಂ. ಹೆರೂ ಮುಂದ ತಾನ ಕಿತ್ಕೊಂಡೈತಿ," ಅಂದ ಸಂಗನಬಸು. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದ.

"ಗಬ್ಬದ ಮೊಲಾ ತರಬಾರದಂತ ಈಗಷ್ಟ ನೀವ ಓದಿದ್ರಲ್ಲ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. "ಅಲ್ಲ... ಗಬ್ಬ ಇಲ್ರೀ."

"ಗಬ್ಬ ಇಲ್ಲಂದ್ರ ಕೂದ್ಲ ಕಿತ್ತಾವ್ರು ಯಾರು?"

ಅವನ ಬೆನ್ನ ಹಿಂದಿನಿಂದ ಅನಸೂಯಾ ಹೇಳಿದಳು: "ಇವರ ಕಿತ್ತಾರ್ರೀ. ಹಿಡಕೊಂಡಾಕಿ ನಾನ."

ಅವನ ಕೈ ಅವಳ ಕೆನ್ನೆಯ ಕಡೆಗೆ ಎದ್ದಿತು. ಅಷ್ಟು ಜನರ ಕಣ್ಣು ಕಂಡು ಅರ್ಧಕ್ಕೆ ನಿಂತಿತು. ಎದ್ದ ಕೈ ಎಲ್ಲಾದರೂ ಇಳಿಯಬೇಕಲ್ಲ, ನನ್ನ ಕಿವಿಗೆ ಇಳಿಯಿತು. ಎತ್ತಿ ಮೇಜಿನ ಅಂಚಿಗೆ ಬಡಿದ. ನಾನು ಕಿರುಚಿದೆ. ಮೊಲಕ್ಕೆ ದನಿಯೇ ಇಲ್ಲ ಅಂದುಕೊಂಡಿದ್ದ ಜನ ಬೆಚ್ಚಿದರು. ಎರಡನೆಯ ಸಲ ಎತ್ತಿದಾಗ ಜೀವದ ಆಸೆಗೆ ಹಿಂಗಾಲನ್ನು ಝಾಡಿಸಿ ಒದ್ದೆ. ಬೆನ್ನೊಳಗೆ ಲಟಕ್ಕೆಂದಿತು. ಆಮೇಲೆ ಸೊಂಟದ ಕೆಳಗೆ ಏನೂ ಇರಲಿಲ್ಲ, ನೋವು ಕೂಡ.

ಅವನು ನನ್ನನ್ನು ಬಿಸಾಕಿದ. ಮೇಜು ಒದ್ದ. ಪಕ್ಕದವರ ಪಂಜರಗಳು ಉರುಳಿ, ಮೊಲಗಳು ಜನರ ಕಾಲಡಿ ಸಿಕ್ಕವು. ತಡೆಯಲು ಬಂದವನೊಬ್ಬನ ತುಟಿ ಒಡೆದ. ಕೊನೆಗೆ ನಾಲ್ಕಾರು ಜನ ಸೇರಿ ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತರು. ಡಾಕ್ಟರು ನನ್ನನ್ನು ಮುಟ್ಟಿ ನೋಡಿ, ಸೂಜಿ ಹಾಕಿ ಕಾಯಮ್ಮಾಗಿ ಮಲಗಿಸಿಬಿಡುವುದು ಒಳ್ಳೆಯದು ಅಂದರು.

ಅನಸೂಯಾ ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಉಳಿಯೂ ತನಕ ಉಳೀಲಿ. ನಾ ಒಯ್ಯತೀನಿ. ನಾನೂ ಆ ಮನೀಗೆ ಹೊಳ್ಳಿ ಹೋಗಾಂಗಿಲ್ಲ."

ಗದಗಿನಲ್ಲಿ ಅವಳು ಒಂದು ಖೋಲಿ ಹಿಡಿದು, ಮಷಿನ್ ಇಟ್ಟುಕೊಂಡು ರವಿಕೆ ಹೊಲಿಯತೊಡಗಿದಳು. ನನ್ನ ಹಿಂಭಾಗ ತೊಳೆಯುತ್ತಿದ್ದಳು, ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದಳು. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಎತ್ತುತ್ತಿದ್ದಳು. ಆದರೂ ಕೈ ಹತ್ತಿರ ಬಂದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ.

ಸಂಘ ಅವನನ್ನು ಹೊರಗೆ ಹಾಕಿತ್ತು. ವರ್ಷ ಕಳೆದ ಮೇಲೆ ಒಳಗೆ ಬರಲು ಅವನು ಅರ್ಜಿ ಹಾಕಿಕೊಂಡ. ಹಿರಿಯರು ಒಂದು ಷರತ್ತು ಇಟ್ಟರು: ಅದೇ ಮೊಲವನ್ನು ನಿಯಮದ ಪ್ರಕಾರ ಎತ್ತಿ ಹಿಡಿದು ತಪ್ಪಾಯಿತು ಅನ್ನಬೇಕು, ಫೋಟೋ ತೆಗೆಸಿಕೊಳ್ಳಬೇಕು. ಹಾಗಾಗಿ ಒಂದು ಮಧ್ಯಾಹ್ನ ಮೂವರು ಹಿರಿಯರು ಅವನನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. ಅನಸೂಯಾ ಚೌಕಟ್ಟು ಹಿಡಿದು ಅಡ್ಡ ನಿಂತಳು. ಆಮೇಲೆ ದಾರಿ ಬಿಟ್ಟಳು.

"ಹಿಡೀರಿ. ಹೆಂಗ ಹಿಡೀಬೇಕಂತ ಹಿರ್‍ಯಾರ ಮುಂದ ಹಿಡದ ತೋರಸ್ರಿ."

ಅವನು ಸರಿಯಾಗಿಯೇ ಎತ್ತಿದ. ಎದೆಯ ಕೆಳಗೆ ಒಂದು ಅಂಗೈ, ಹಿಂದೆ ಒಂದು. ಹಿರಿಯರೊಬ್ಬರು ಮೊಬೈಲು ಎತ್ತಿದರು. "ತಪ್ಪಾತವಾ," ಅಂದ, ಮೊಬೈಲಿನ ಕಡೆ ನೋಡುತ್ತ, ಅದೇ ಜೇನಿನ ದನಿಯಲ್ಲಿ. ಅವನ ಹೆಬ್ಬೆರಳು ನನ್ನ ಬಾಯಿಯ ಮುಂದೆಯೇ ಇತ್ತು.

ಕಚ್ಚಿದೆ. ಎಲುಬು ಸಿಗುವ ತನಕ ಕಚ್ಚಿದೆ.

ಅವನ ಕಣ್ಣು ಕೆಂಪಾಯಿತು. ನನಗೆ ಚೆನ್ನಾಗಿ ಗೊತ್ತಿದ್ದ ಕಣ್ಣು ಅದು. ಮೈ ಪೂರ್ತಿ ನನ್ನನ್ನು ಗೋಡೆಗೆ ಬೀಸಲು ಸಿದ್ಧವಾಯಿತು. ಅನಸೂಯಾ ದನಿ ಏರಿಸದೆ ಹೇಳಿದಳು:

"ಕೆಳಗಿನ ಕೈ ಬಿಡಬ್ಯಾಡ್ರಿ. ಅದಕ್ಕ ಹಿಂದಿನ ಕಾಲಾಗ ಜೀವ ಇಲ್ಲ."

ಹಿರಿಯರು ನೋಡುತ್ತಿದ್ದರು. ಅವನು ಬಿಡಲಿಲ್ಲ. ರಕ್ತ ನನ್ನ ಎದೆಗೆ ತೊಟ್ಟಿಕ್ಕಿತು, ಅವನ ಹಣೆಯಲ್ಲಿ ಬೆವರು ಮೂಡಿತು, ಮುಖದ ಮೇಲೆ ಫೋಟೋದ ನಗು ಹಾಗೇ ಇತ್ತು. ನಾನೂ ಬಿಡಲಿಲ್ಲ. ಫೋಟೋ ಚೆನ್ನಾಗಿ ಬಂದಿದೆ ಅಂತ ಹಿರಿಯರು ಹೇಳುವ ತನಕ ಬಿಡಲಿಲ್ಲ.

ಕ್ಷಮಿಸುವುದು ದೊಡ್ಡ ಗುಣ ಅಂತ ಮನುಷ್ಯರು ಹೇಳುತ್ತಾರೆ. ಇರಬಹುದು. ಈಗ ನನಗೆ ವಯಸ್ಸಾಗಿದೆ, ಮಷಿನ್ನಿನ ಪಕ್ಕದ ಚಿಂದಿ ಬಟ್ಟೆಯ ಮೇಲೆ ಮಲಗಿ ಎಷ್ಟೋ ಸಲ ಯೋಚಿಸಿದ್ದೇನೆ, ಒಮ್ಮೆಯೂ ಪಶ್ಚಾತ್ತಾಪ ಬಂದಿಲ್ಲ. ಅವರೆಲ್ಲ ಹೋದ ಮೇಲೆ ಅನಸೂಯಾ ಬಾಗಿಲು ಹಾಕಿ, ಒದ್ದೆ ಬಟ್ಟೆಯಿಂದ ನನ್ನ ಬಾಯಿ ಒರೆಸಿದಳು. ಒರೆಸುತ್ತ ಒರೆಸುತ್ತ ನಗತೊಡಗಿದಳು. ತಡೆಯಲಾಗದೆ ನೆಲದ ಮೇಲೆ ಕೂತು ನಕ್ಕಳು. ಹುಟ್ಟಿದಾಗಿನಿಂದ ಅವಳ ಜೊತೆ ಬದುಕಿದ್ದೆ, ಅವಳ ನಗು ಹೇಗಿರುತ್ತದೆ ಅಂತ ನಾನು ಕೇಳಿದ್ದು ಅವತ್ತೇ.