ಟಿವಿಯೊಳಗಿನ ಅದಿರು

ವಿಜ್ಞಾನವನ್ನು ಪೂರ್ತಿ ಅರಿಯದೆ ಈ ಕಥೆ ಹೇಳಲು ಹೊರಟದ್ದು ತಪ್ಪೇ, ಬಲ್ಲವರು ಮನ್ನಿಸಬೇಕು. ಗುಡ್ಡಪ್ಪನೂ ಪೂರ್ತಿ ಅರಿತವನಲ್ಲ. ಹೊಸಪೇಟೆಯಲ್ಲಿ ಸಂಜೆ ಕ್ಲಾಸಿಗೆ ಹೋಗಿ ಟಿವಿ ರಿಪೇರಿ ಕಲಿತವನು. ಹೊರಗೆ ಒಂದು ಮಾತಾಡಿದರೆ, ಅದು ಸರಿಯೋ ತಪ್ಪೋ ಎಂದು ಮನೆಗೆ ಹೋಗಿ ಪುಸ್ತಕ ತೆಗೆದು ನೋಡುವ ಸ್ವಭಾವ.

ಗಾದಿಗನೂರಿನ ಕೊಟ್ರಬಸಪ್ಪನ ಟಿವಿಯ ಬಲಮೂಲೆಗೆ ನೇರಳೆ ಕಲೆ ಬಿದ್ದಿತ್ತು. “ಒಳಗ ಹಿಂದಿನಿಂದ ಎಲೆಕ್ಟ್ರಾನು ಹಾರಿ ಬಂದು ಗಾಜಿಗೆ ಬಡೀತಾವ್ರಿ ಗೌಡ್ರ. ಹತ್ರ ಅಯಸ್ಕಾಂತ ಇದ್ರ ಅವುಗಳ ದಾರಿ ಬಾಗತೈತಿ. ಕೆಂಪು ಚುಕ್ಕಿಗೆ ಬಡಿಯೋದು ನೀಲಿ ಚುಕ್ಕಿಗೆ ಬಡೀತೈತಿ” ಎಂದು ಹೇಳಿ, ಕಲೆ ತೆಗೆಯುವ ಕಾಯಿಲ್ ತರುತ್ತೇನೆಂದು ಗುಡ್ಡಪ್ಪ ಹೋಗಿದ್ದ.

ವಾರ ಬಿಟ್ಟು ಬಂದರೆ ಮನೆ ಮುಂದೆ ಜೆಸಿಬಿ ನಿಂತಿತ್ತು.

“ಮನಿ ಪೂರಾ ಹುಡುಕಿದ್ವಿ, ಅಯಸ್ಕಾಂತ ಇಲ್ಲ. ಅಂದ್ರ ನೆಲದಾಗ ಐತಿ!” ಎಂದ ಕೊಟ್ರಬಸಪ್ಪ. “ಟಿವೀನ ಹೊಲದ ಆ ತುದಿಗೆ, ಪಂಪ್‌ಸೆಟ್ ಕ್ವಾಣಿಗೂ ಒಯ್ದು ಹಚ್ಚಿದೆ. ಅಲ್ಲೂ ಅದ ಕಲೆ, ಅದ ಮೂಲಿ! ಮೂರೆಕರೆ ತುಂಬ ಕಬ್ಬಿಣದ ಅದಿರು ಐತಲೇ!”

ತಪ್ಪು ಎಲ್ಲಾಗಿದೆಯೆಂದು ಗುಡ್ಡಪ್ಪನಿಗೆ ತಿಳಿಯಿತು. ಟಿವಿ ಹೋದಲ್ಲೆಲ್ಲ ಹೋಗುವ ಕಲೆ ಟಿವಿಯದೇ. ಆದರೆ ಸಂಡೂರಿನ ಗುಡ್ಡ ಅಗೆದವರೆಲ್ಲ ಕಾರು ಕೊಳ್ಳುತ್ತಿದ್ದ ಕಾಲದಲ್ಲಿ ಪುಸ್ತಕದ ಮಾತು ಯಾರಿಗೆ ಬೇಕು?

“ಕೀಳಾಕ ಹದಿನೈದು ದಿನ ಐತಿ” ಎಂದಳು ಕೊಟ್ರಬಸಪ್ಪನ ಹೆಂಡತಿ ಜಂಬಮ್ಮ, ಹೊಲದ ಶೇಂಗಾ ತೋರಿಸುತ್ತ. “ನಿನ್ನ ಒಂದು ಮಾತಿಗೆ ನನ್ನ ಬೆಳಿ ಹೊಂಟೈತಿ ತಮ್ಮಾ.”

“ಗೌಡ್ರ, ಗಾಜಿನ ಹಿಂದಿನ ತಗಡಿಗೆ ಅಯಸ್ಕಾಂತದ ಗುಣ ಹತ್ತೈತ್ರಿ, ಕಲೆ ಅದರದ.”

“ನೆಲದಿಂದನ ಹತ್ತಿರಬೇಕು!”

ಗುಡ್ಡಪ್ಪ ರಸ್ತೆಗೆ ಓಡಿ, ಲಾರಿಯಿಂದ ಬಿದ್ದಿದ್ದ ಅದಿರಿನ ಹೆಂಟೆ ತಂದು ಗಾಜಿಗೆ ಹಿಡಿದ. ವಾರ್ತೆ ಓದುವವಳ ಮುಖದ ಬಣ್ಣ ಕದಲಲಿಲ್ಲ. “ಇದು ಅದಿರು ಹೌದಲ್ರಿ? ಏನಾರ ಆತೇನು?”

ಕೊಟ್ರಬಸಪ್ಪನ ಕಣ್ಣು ಅರಳಿದವು. “ಹಂಗಾದ್ರ ನಮ್ದು ಇದಕ್ಕಿಂತ ಭಾಳ ಪವರಿನ ಮಾಲು!”

“ನನ್ನ ಗಾಡೀನ ಅಂಟಿಕೊಂಡೀತು, ಹುಷಾರ್ರಿ” ಎಂದು ಜೆಸಿಬಿ ಡ್ರೈವರ್ ನಕ್ಕ.

ಗುಡ್ಡಪ್ಪ ತಾನು ತಂದಿದ್ದ ಕಾಯಿಲಿಗೆ ಕರೆಂಟು ಕೊಟ್ಟ. ತಂತಿ ಸುತ್ತಿದ ಆ ದೊಡ್ಡ ಬಳೆಯನ್ನು ಗಾಜಿನ ಮುಂದೆ ತಿರುಗಿಸುತ್ತ, ನಿಧಾನಕ್ಕೆ ಬಾಗಿಲ ತನಕ ಹಿಂದೆ ಸರಿದ. ಬಣ್ಣಗಳು ಕಾಮನ ಹಬ್ಬದಂತೆ ಕಲಸಿ, ತಿಳಿಯಾದವು. ಕಲೆ ಇರಲಿಲ್ಲ.

“ಲೇ, ಮತ್ತ ಹಚ್ಚಲೇ ಆ ಕಲೆನ! ಹನ್ನೊಂದಕ್ಕ ಅದಿರು ಕೊಳ್ಳೋ ಸಂಡೂರಿನ ಪಾರ್ಟಿ ಅದನ್ನ ನೋಡಾಕ ಬರತೈತಿ!” ಎಂದ ಕೊಟ್ರಬಸಪ್ಪ.

ಜಂಬಮ್ಮ ನಡುವೆ ಬಂದಳು. “ಕಲೆ ಐತಿ, ಅದಕ್ಕ ಅದಿರು ಐತಿ ಅಂದವ್ರು ನೀವ. ಕಲೆ ಹೋತು, ಅದಿರೂ ಹೋತು. ಶೇಂಗಾ ಕೀಳೋ ಮಟ ಗಾಡಿ ಹೊಲಕ್ಕ ಇಳಿಯಂಗಿಲ್ಲ.”

ಅದಿರಿನ ಹೆಂಟೆಗೆ ಸೋಲದ ಕೊಟ್ರಬಸಪ್ಪ ತನ್ನದೇ ಮಾತಿಗೆ ಸೋತ. ಟಿವಿ ನೋಡಿದ, ಹೆಂಡತಿಯ ಮುಖ ನೋಡಿದ, ಡ್ರೈವರಿಗೆ ಹೋಗೆಂದು ಕೈ ಮಾಡಿದ.

ಶೇಂಗಾ ಉಳಿಯಿತು, ವಿಜ್ಞಾನದಿಂದ ಎಂದು ಗುಡ್ಡಪ್ಪ ಹೇಳಿಕೊಳ್ಳಲಾರ. ಆ ಮೂರೆಕರೆಯ ಅಡಿಯಲ್ಲಿ ಅದಿರು ಇದೆಯೋ ಇಲ್ಲವೋ, ಅದನ್ನು ಯಾವ ಟಿವಿಯೂ ಹೇಳಲಾರದು. ಶೇಂಗಾ ಕಿತ್ತ ಮೇಲೂ ಯಾರೂ ಅಗೆದು ನೋಡಿಲ್ಲ. ಗೊತ್ತಿಲ್ಲ.